ಎರಡು ಇಂಚು ಎತ್ತುವ ಕೆಲಸ

ಲಾರಿಯ ಬಾನೆಟ್ ಮೇಲೆ ಕೂತು ಪ್ರಯಾಣ ಮಾಡಿದ್ದೀರಾ? ಟಾಟಾ 1210 ಎಸ್‌ಇ ಥರದ ಹಳೇ ಗಾಡಿಗಳಲ್ಲಿ ಎಂಜಿನ್ ಅರ್ಧ ಮೂತಿಯಲ್ಲಿ, ಅರ್ಧ ಕ್ಯಾಬಿನ್ ಒಳಗೆ. ಡ್ರೈವರಿಗೂ ಕ್ಲೀನರಿಗೂ ನಡುವೆ ಗುಡ್ಡದ ಹಾಗೆ ಒಂದು ಮುಚ್ಚಳ, ಅದರ ಮೇಲೊಂದು ಹಾಸು. ಬಸ್ಸು ತಪ್ಪಿದವರಿಗೆಲ್ಲ ಅದೇ ಸೀಟು. ಕೆಳಗೆ ನಾಲ್ಕೈದು ಕ್ವಿಂಟಾಲ್ ತೂಕದ ಆರು ಸಿಲಿಂಡರ್ ಡೀಸೆಲ್ ಎಂಜಿನ್ ಗುದ್ದಾಡುತ್ತಿದ್ದರೂ ಮೇಲೆ ಕೂತವರಿಗೆ ತೂಕಡಿಕೆ ಬರುತ್ತದೆ ಅಂದ್ರೆ ಅದಕ್ಕೆ ಕಾರಣ ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಅಂಗೈಯಗಲದ ರಬ್ಬರ್ ತುಂಡುಗಳು. ಪುಸ್ತಕದಲ್ಲಿ ಅದು ಎಂಜಿನ್ ಮೌಂಟಿಂಗ್. ನಮ್ಮ ಕಡೆ ಗ್ಯಾರೇಜುಗಳಲ್ಲಿ 'ಫೌಂಡೇಶನ್ ರಬ್ಬರ್'. ನನಗೇನೋ ಗ್ಯಾರೇಜಿನ ಹೆಸರೇ ಇಷ್ಟ.

ನಮ್ಮ ಚಿಕ್ಕಪ್ಪನ ಹತ್ತಿರ ಇಂಥದ್ದೊಂದು ಗಾಡಿ ಇದೆ. ದೂರದ ಲೋಡು ಹೊಡೆಯುವ ವಯಸ್ಸು ಮುಗಿದ ಮೇಲೆ ಬೆನ್ನಿಗೆ ಟ್ಯಾಂಕು ಹೊತ್ತು ಊರ ಸುತ್ತ ನೀರು ಹಾಕುತ್ತದೆ. ಅದರ ಎಂಜಿನ್ 697. ಈ ಅಂಕಿಯ ಅರ್ಥ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು. 6 ಅಂದ್ರೆ ಸಿಲಿಂಡರುಗಳು, 97 ಅಂದ್ರೆ ಒಂದೊಂದು ಸಿಲಿಂಡರಿನ ಒಳ ಅಗಲ, ಮಿಲಿಮೀಟರಿನಲ್ಲಿ. ಅದಕ್ಕೂ ಹಿಂದಿನದು 692. ಅಷ್ಟೇ ಲೆಕ್ಕ!

ಈ ಬೇಸಿಗೆಯಲ್ಲಿ ಗಾಡಿ ನಡುಗಲು ಶುರುವಾಯಿತು. ನ್ಯೂಟ್ರಲ್‌ನಲ್ಲಿ ನಿಂತಾಗ ಗೇರ್ ಲಿವರ್ ಥರಥರ. ಕ್ಲಚ್ ಬಿಟ್ಟು ಹೊರಡುವಾಗ ಕೆಳಗಿಂದ 'ದಡ್' ಅಂತ ಒಂದು ಏಟು. ಸೈಲೆನ್ಸರ್ ಪೈಪಿನ ವೆಲ್ಡಿಂಗ್ ಎರಡು ಸಲ ಬಿಟ್ಟಿತು. ಚಿಕ್ಕಪ್ಪ ಎರಡೂ ಸಲ ವೆಲ್ಡಿಂಗಿನವನನ್ನೇ ಬೈದರು. ಬೈಪಾಸ್ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಮಾತ್ರ ಪೈಪು ನೋಡಲೇ ಇಲ್ಲ. ಚಕ್ರಗಳಿಗೆ ಅಡ್ಡ ಕೊಡಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು, "ಫಸ್ಟ್ ಗೇರ್ ಹಾಕಿ ಕ್ಲಚ್ ಒಂದ್ ಕೂದಲೆಳೆ ಬಿಡ್ರಿ ಸಾಕು" ಅಂದರು. ಬಿಟ್ಟ ತಕ್ಷಣ ಎಂಜಿನ್ನಿನ ಎಡಮಗ್ಗುಲು ಒಂದು ಬೆರಳಿನಷ್ಟು ಎದ್ದು ಕೂತಿತು. ಎಡಗಡೆ, ಫ್ಲೈವೀಲ್ ಹೌಸಿಂಗ್ ಪಕ್ಕದ ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಿತ್ತು.

ಎಡಗಡೆಯದೇ ಯಾಕೆ? ಮುಂದಿನಿಂದ ನೋಡಿದರೆ ಎಂಜಿನ್ನಿನ ಕ್ರ್ಯಾಂಕು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಕ್ರ್ಯಾಂಕು ಆ ಕಡೆ ತಿರುಗಿದರೆ ಎಂಜಿನ್ನಿನ ಮೈ ಈ ಕಡೆ ಉರುಳಲು ನೋಡುತ್ತದೆ. ಬಲಗಡೆಯ ರಬ್ಬರನ್ನು ಅದುಮುತ್ತದೆ, ಎಡಗಡೆಯದನ್ನು ಎಳೆಯುತ್ತದೆ. ಫಸ್ಟ್ ಗೇರಿನಲ್ಲಿ ಗೇರ್‌ಬಾಕ್ಸು ಈ ತಿರುಚುವ ಬಲವನ್ನು ಹಲವು ಪಟ್ಟು ಮಾಡಿಕೊಡುವುದರಿಂದ ಎಳೆತವೂ ಅಷ್ಟೇ ಹೆಚ್ಚು. ರಬ್ಬರು ಅದುಮುವುದನ್ನು ತಡೆದುಕೊಳ್ಳುತ್ತದೆ, ಎಳೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಮೇಲಿಂದ ಡೀಸೆಲ್, ಆಯಿಲ್ ತೊಟ್ಟಿಕ್ಕುತ್ತಿದ್ದರಂತೂ ಉಬ್ಬಿ, ಮೆತ್ತಗಾಗಿ, ಒಂದು ದಿನ ಸದ್ದಿಲ್ಲದೆ ಬಿಡುತ್ತದೆ.

ಇದನ್ನು ಸಣ್ಣ ವಿಷಯ ಅನ್ನುವವರಿಗೆ ಒಂದು ಹಳೇ ಕಥೆ. ಅಮೆರಿಕದ ಜನರಲ್ ಮೋಟಾರ್ಸ್ 1971ರ ಡಿಸೆಂಬರಿನಲ್ಲಿ ಸುಮಾರು 67 ಲಕ್ಷ ಗಾಡಿಗಳನ್ನು ವಾಪಸ್ ಕರೆಸಬೇಕಾಯಿತು. 1965ರಿಂದ 1969ರವರೆಗಿನ ಷೆವ್ರೊಲೆ ಕಾರುಗಳು, ಜೊತೆಗೆ ಸಣ್ಣ ಟ್ರಕ್ಕುಗಳು. ಕಾರಣ ಇದೇ ರಬ್ಬರು. ಅದು ಹರಿದರೆ ಎಂಜಿನ್ ಮೇಲೆದ್ದು ಆಕ್ಸಿಲರೇಟರ್ ಕೊಂಡಿಯನ್ನು ಎಳೆದುಬಿಡುತ್ತಿತ್ತು, ಗಾಡಿ ತಾನಾಗೇ ಓಡುತ್ತಿತ್ತು. ಕಂಪನಿ ಹುಡುಕಿದ ಪರಿಹಾರ ಏನು ಗೊತ್ತಾ? ಎಂಜಿನ್ ಏಳದ ಹಾಗೆ ಒಂದು ಕೇಬಲ್ಲಿನಿಂದ ಕಟ್ಟಿಹಾಕಿದ್ದು :-)

ಸರಿ, ನಮ್ಮ ಗಾಡಿಗೆ ಬರೋಣ. ಹೊಸ ರಬ್ಬರಿನ ಬೆಲೆ ಹೆಚ್ಚೇನಲ್ಲ. ಬೋಲ್ಟು ಬಿಚ್ಚಿ ಹಾಕುವುದೂ ಅರ್ಧ ಗಂಟೆಯ ಕೆಲಸ. ಆದರೆ ಹಳೇದು ಹೊರಬರಬೇಕಾದರೆ ಅದರ ಮೇಲೆ ಕೂತಿರುವ ಎಂಜಿನ್ ಎರಡು ಇಂಚು ಏಳಬೇಕು. ಎಂಜಿನ್ನನ್ನು ಪೂರ್ತಿ ಹೊರತೆಗೆಯುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಚೈನ್ ಬ್ಲಾಕ್ ತರುತ್ತಾರೆ, ದೂರ ನಿಲ್ಲುತ್ತಾರೆ. 'ಎರಡೇ ಇಂಚಲ್ವಾ' ಅನ್ನುವಾಗಲೇ ಕೆಟ್ಟದ್ದು ಆಗುವುದು.

ಮೊದಲು ಬ್ಯಾಟರಿಯ ಅರ್ತ್ ವೈರು ಬಿಚ್ಚಿದರು. ಸೆಲ್ಫ್ ಮೋಟಾರಿನ ದಪ್ಪ ಕೇಬಲ್ಲು ಚಾಸಿಯಿಂದ ಎಂಜಿನ್ನಿಗೆ ಬಂದಿರುತ್ತದೆ. ಎಂಜಿನ್ ಎದ್ದಾಗ ಅದು ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಕಿಡಿ. ಆಮೇಲೆ ಸೈಲೆನ್ಸರ್ ಫ್ಲ್ಯಾಂಜ್, ಆಕ್ಸಿಲರೇಟರ್ ಮತ್ತು ಕ್ಲಚ್ ಕೊಂಡಿಗಳು, ರೇಡಿಯೇಟರ್ ಹೋಸಿನ ಕ್ಲಿಪ್ಪು, ಬಿಗಿಯಾಗಿ ಕಂಡ ಡೀಸೆಲ್ ಪೈಪು. ಎಂಜಿನ್ನಿನ ಹಿಂಭಾಗ ಎದ್ದರೆ ಮುಂಭಾಗ ಓರೆಯಾಗುತ್ತದೆ, ಫ್ಯಾನಿನ ಎಲೆ ರೇಡಿಯೇಟರಿಗೆ ತಾಗಬಹುದು. ಹಾಗಾಗಿ ಅಲ್ಲಿ ಎಷ್ಟು ಜಾಗ ಇದೆ ಅಂತ ಕೈಬೆರಳಿಟ್ಟು ನೋಡಿಕೊಂಡರು.

ಜಾಕಿ ಎಲ್ಲಿ ಕೊಡಬೇಕು ಅನ್ನುವುದು ಎರಡನೇ ಪ್ರಶ್ನೆ. ಕೆಳಗೆ ನುಗ್ಗಿದರೆ ಮೊದಲು ಕಾಣುವುದು ಆಯಿಲ್ ಚೇಂಬರ್. ಅಗಲವಾಗಿ, ಸಪಾಟಾಗಿ, ಬಾ ಅಂತ ಕರೆಯುವ ಹಾಗಿರುತ್ತದೆ. ಆದರೆ ಅದು ತಗಡು. ಜಾಕಿಯ ತಲೆ ಒತ್ತಿದರೆ ಒಳಗೆ ತಗ್ಗಾಗಿ ಆಯಿಲ್ ಎಳೆಯುವ ಜರಡಿಗೆ ತಾಗುತ್ತದೆ. ಮೇಲಿಂದ ಏನೂ ಗೊತ್ತಾಗುವುದಿಲ್ಲ, ತಿಂಗಳೊಳಗೆ ಬೇರಿಂಗು ಹೋಗಿರುತ್ತದೆ. ಮೇಸ್ತ್ರಿ ಜಾಕಿ ಕೊಟ್ಟದ್ದು ಎರಕದ ಕಬ್ಬಿಣದ ಫ್ಲೈವೀಲ್ ಹೌಸಿಂಗ್ ಕೆಳಗೆ. ನಡುವೆ ಒಂದು ಗಟ್ಟಿ ಮರದ ತುಂಡು, ಜಾಕಿಯ ಬುಡಕ್ಕೆ ಅಗಲವಾದ ಹಲಗೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಜಾರುತ್ತದೆ, ಮರ ಸ್ವಲ್ಪ ಕಚ್ಚಿ ಹಿಡಿಯುತ್ತದೆ. ಬೋಲ್ಟು ಸಡಿಲಿಸಿ, ಒಂದೊಂದೇ ಪಂಪು, ಪ್ರತಿ ಪಂಪಿಗೂ ಸುತ್ತ ಒಂದು ನೋಟ. ಎಲ್ಲಾದರೂ ಬಿಗಿ ಕಂಡರೆ ನಿಲ್ಲಿಸಿ ಏನು ಬಿಚ್ಚಿಲ್ಲ ಅಂತ ಹುಡುಕುವುದು. ಇನ್ನೊಂದು ಪಂಪು ಹೊಡೆದು ನೋಡೋಣ ಅನ್ನುವುದು ಇಲ್ಲ.

ಎಂಜಿನ್ ಎದ್ದು ನಿಂತಿತು. ಇಪ್ಪತ್ತು ತುಂಬದ ಅಸಿಸ್ಟೆಂಟ್ ಹುಡುಗ ಪಾನಾ ಹಿಡಿದು ಕೆಳಗೆ ನುಗ್ಗಲು ಹೊರಟ. ಮೇಸ್ತ್ರಿ ಅವನ ಅಂಗಿ ಹಿಡಿದು ಎಳೆದರು.

"ದಿಮ್ಮಿ ಎಲ್ಲಿ?"

ದಿಮ್ಮಿ ಗ್ಯಾರೇಜಿನಲ್ಲಿರಲಿಲ್ಲ. ಇನ್ನೊಂದು ಗಾಡಿಯ ಕೆಲಸಕ್ಕೆ ಯಾರೋ ಒಯ್ದಿದ್ದರು. ಚಿಕ್ಕಪ್ಪನ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಎರಡು ಓಣಿಗಳ ಜನ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. "ಐದು ನಿಮಿಷದ ಕೆಲಸ, ಸೈಜುಗಲ್ಲು ಇದಾವಲ್ಲ, ಅವನ್ನೇ ಕೊಟ್ಟು ಮುಗಿಸ್ರಿ" ಅಂದರು ಚಿಕ್ಕಪ್ಪ. ಹುಡುಗನೂ ಹೂಂ ಅಂದ. ಮೇಸ್ತ್ರಿ ಏನೂ ಮಾತಾಡದೆ ಎಡಗೈ ಎತ್ತಿ ತೋರಿಸಿದರು. ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.

"ಜಾಕಿ ಇರೋದು ಎತ್ತಾಕ. ಹೊತ್ಕಂಡು ನಿಲ್ಲಾಕಲ್ಲ."

ಇಪ್ಪತ್ತೆರಡು ವರ್ಷದ ಹಿಂದಿನ ಮಾತಂತೆ. ಬೋಲ್ಟಿನ ತೂತು ಕೂತಿದೆಯೋ ಇಲ್ಲವೋ ಅಂತ ಬೆರಳು ಹಾಕಿ ನೋಡುತ್ತಿದ್ದಾಗ ಜಾಕಿಯ ಸೀಲು ಬಿಟ್ಟು ಎಂಜಿನ್ ಅರ್ಧ ಇಂಚು ಇಳಿಯಿತು. ಅರ್ಧವೇ ಇಂಚು. ಹೈಡ್ರಾಲಿಕ್ ಜಾಕಿಯಲ್ಲಿ ಭಾರ ನಿಂತಿರುವುದು ಒಂದು ಸಣ್ಣ ಸೀಲು ತಡೆದು ಹಿಡಿದ ಎಣ್ಣೆಯ ಮೇಲೆ. ಆ ಸೀಲು ಹೇಳಿ ಕೇಳಿ ಸೋಲುವುದಿಲ್ಲ. ಕಲ್ಲು, ಇಟ್ಟಿಗೆಯದೂ ಅದೇ ಗುಣ, ಬಿರುಕು ಬಿಡುವ ಮೊದಲು ಏನೂ ಹೇಳುವುದಿಲ್ಲ. ಮರ ಹಾಗಲ್ಲ. ಮೊದಲು ನಲುಗುತ್ತದೆ, ಕಿರುಗುಟ್ಟುತ್ತದೆ, ನಿಮಗೆ ಹೊರಬರಲು ಸಮಯ ಕೊಡುತ್ತದೆ.

ಮುಕ್ಕಾಲು ಗಂಟೆ ಕಾದೆವು. ಹಳೇ ರೈಲ್ವೆ ಸ್ಲೀಪರಿನ ತುಂಡುಗಳು ಬಂದವು. ಎರಡು ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಎತ್ತರ ಬುಡದ ಅಗಲದ ಮೂರು ಪಟ್ಟು ಮೀರಬಾರದು ಅನ್ನುವುದು ಇದರ ಲೆಕ್ಕ. ಕೊನೆಗೆ ಉಳಿದ ಸಂದಿಗೆ ಎರಡು ಬೆಣೆ. ಜಾಕಿಯನ್ನು ಕೂದಲಷ್ಟು ಇಳಿಸಿದಾಗ ಭಾರ ಮರದ ಮೇಲೆ ಬಂದು ಕೂತಿತು. ಜಾಕಿಯನ್ನು ತೆಗೆಯಲಿಲ್ಲ, ತಾಗಿದ ಹಾಗೇ ಬಿಟ್ಟರು. ಒಂದು ಸೋತರೆ ಇನ್ನೊಂದು. ಆಮೇಲೆಯೇ ಹುಡುಗ ಒಳಗೆ ಹೋದದ್ದು, ಅದೂ ಪಕ್ಕದಿಂದ, ಕೈಯಷ್ಟೇ ಒಳಗೆ.

ಹಳೇ ರಬ್ಬರು ಎರಡು ತುಂಡಾಗಿ ಹೊರಬಂತು. ಬಲಗಡೆಯದು ಹರಿದಿರಲಿಲ್ಲ, ಆದರೂ ಅದನ್ನೂ ಬದಲಾಯಿಸಿದರು. ಒಂದು ಹೊಸದು ಒಂದು ಹಳೇದು ಇದ್ದರೆ ಎಂಜಿನ್ ಓರೆ ಕೂತು ಹೊಸದನ್ನೂ ಬೇಗ ತಿನ್ನುತ್ತದೆ. ತೂತುಗಳನ್ನು ಒಂದಕ್ಕೊಂದು ತರಲು ಬೆರಳಲ್ಲ, ತುದಿ ಚೂಪಾದ ಸಲಾಕೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ, ಎಂಜಿನ್ ಪೂರ್ತಿ ಇಳಿದು ತನ್ನ ಭಾರದಲ್ಲಿ ತಾನು ಕೂತ ಮೇಲೆ ಬಿಗಿ ಮಾಡಿದರು. ನೇತಾಡುವಾಗಲೇ ಬಿಗಿ ಮಾಡಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ, ನಡುಕ ಹೋಗುವುದೇ ಇಲ್ಲ. ಕಡೆಗೆ ಫ್ಯಾನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಿಚ್ಚಿದ್ದನ್ನೆಲ್ಲ ಎಣಿಸಿ ಹಾಕಿ, ಅರ್ತ್ ವೈರು ಕೊನೆಗೆ. ನಾಲ್ಕು ದಿನ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿಸಿ ಅಂತ ಒಂದು ಮಾತು.

ಆ ದಿನ ನೀರು ಎರಡು ಗಂಟೆ ತಡವಾಗಿ ಹೋಯಿತು. ಚಿಕ್ಕಪ್ಪ ನಾಲ್ಕು ಕಡೆ ಬೈಸಿಕೊಂಡರು, ಮೇಸ್ತ್ರಿಯ ಮೇಲೆ ಒಂದಿಷ್ಟು ಸಿಟ್ಟೂ ಮಾಡಿಕೊಂಡರು. ಹುಡುಗ ಸಂಜೆ ಹತ್ತು ಬೆರಳಲ್ಲೂ ಗ್ರೀಸು ಮೆತ್ತಿಕೊಂಡು ಮಂಡಕ್ಕಿ ತಿನ್ನುತ್ತಿದ್ದ.

ನಿಮ್ಮೂರಲ್ಲಿ ಯಾರಾದರೂ ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗುವುದನ್ನು ಕಂಡರೆ ಬುದ್ಧಿ ಹೇಳಲು ಹೋಗಬೇಡಿ, ಕೇಳುವುದಿಲ್ಲ. ಎರಡು ಮರದ ತುಂಡು ತಂದು ಪಕ್ಕದಲ್ಲಿಡಿ. ಕೈಗೆ ಸಿಕ್ಕಿದ್ದನ್ನು ಬಳಸುವುದೇ ನಮ್ಮ ಗ್ಯಾರೇಜುಗಳ ಅಭ್ಯಾಸ, ಸಿಗುವುದು ಮರವೇ ಆಗಿರಲಿ.