ಉಳಿಗೆ ಹದ ಹಾಕಿದವನು ಫೇಲಾದ

1986ರ ಮಳೆಗಾಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದಾಗ ನಮ್ಮ ಕೈಲಿದ್ದದ್ದು ತಗಡಿನ ಟ್ರಂಕು, ಒಂದೊಂದು ಕಂಬಳಿ, ಪಿಯುಸಿ ಮಾರ್ಕ್ಸ್ ಕಾರ್ಡು ಮತ್ತು ತಹಸೀಲ್ದಾರರ ಜಾತಿ ಸರ್ಟಿಫಿಕೇಟು. ನಮ್ಮಲ್ಲೊಬ್ಬನ ಅವ್ವ ಆ ಸರ್ಟಿಫಿಕೇಟನ್ನು ಅಂಗಿಯ ಒಳಜೇಬಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು. "ಇದ ಕಳ್ಕಂಡ್ಯೋ, ಮತ್ತೆ ದಣೇರ ಕೊಟ್ಗೇನೇ ಗತಿ ಕಣ್ಲಾ ಮಗಾ" ಅಂದಿದ್ದಳು. ಊರಿನಲ್ಲಿ ನಮ್ಮನ್ನು ಬಾವಿಕಟ್ಟೆಯಿಂದ ದೂರ ನಿಲ್ಲಿಸಿದ್ದ ಜಾತಿಯೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿಸಿತು.

ನಾವು ಅಂದರೆ ನಾಲ್ಕು ಜನ. ಹಾಸ್ಟೆಲಿನ ಒಂದೇ ಕೋಣೆಯವರು. ಒಬ್ಬ ಕಲ್ಲು ಒಡೆಯುವವನ ಮಗ. ಒಬ್ಬ ಚಪ್ಪಲಿ ಹೊಲಿಯುವವನ ಮಗ. ಒಬ್ಬನ ಅಪ್ಪ 1976ರ ಕಾನೂನು ಬಂದ ಮೇಲೆ ಜೀತ ಬಿಟ್ಟವನು. ಇನ್ನೊಬ್ಬ ಇದೇ ಬೆಂಗಳೂರಿನ ಮೋರಿ ಬಳಿಯುವವನ ಮಗ.

ಮೊದಲ ದಿನವೇ ಕ್ಲಾಸಿನಲ್ಲಿ ಪಟ್ಟಿ ಓದಿದರು. ಹೆಸರಿನ ಜೊತೆಗೆ ಯಾವ ಸೀಟು ಎಂಬುದನ್ನೂ ಓದಿದರು. ಅರವತ್ತು ತಲೆ ನಮ್ಮ ಕಡೆ ತಿರುಗಿದವು. ಅದೇ ಬೆಂಚುಗಳಲ್ಲಿ ದುಡ್ಡು ಕಟ್ಟಿ ಸೀಟು ಕೊಂಡವರೂ ಕೂತಿದ್ದರು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ 1984ರಲ್ಲೇ ಮಾಡಿತ್ತು. ಡೊನೇಷನ್ ಎಂದು ಹೆಸರು ಬದಲಾಯಿತು, ಅಷ್ಟೆ. ಅವರ ಹೆಸರು ಓದುವಾಗ ಎಷ್ಟು ಸಾವಿರದ ಸೀಟು ಎಂದು ಯಾರೂ ಓದಲಿಲ್ಲ. ಅವರ ಮಾರ್ಕ್ಸ್ ಎಷ್ಟು ಎಂದು ಯಾರೂ ಕೇಳಲಿಲ್ಲ. 'ಮೆರಿಟ್' ಎಂಬ ಪ್ರಶ್ನೆ ಎದ್ದದ್ದು ನಮ್ಮ ಬೆನ್ನ ಹಿಂದೆ ಮಾತ್ರ.

ಡ್ರಾಯಿಂಗ್ ಕ್ಲಾಸಿಗೆ ಡ್ರಾಫ್ಟರ್ ಬೇಕು. ಸ್ಕಾಲರ್‌ಶಿಪ್ ಬರುವುದು ಪರೀಕ್ಷೆ ಹತ್ತಿರ ಬಂದಾಗ. ಇಬ್ಬರಿಗೆ ಒಂದರಂತೆ ಎರಡು ಸೆಕೆಂಡ್‌ಹ್ಯಾಂಡ್ ಡ್ರಾಫ್ಟರ್ ಕೊಂಡೆವು. ಬೆಳಗಿನ ಬ್ಯಾಚಿನವನು ಬಾಗಿಲಲ್ಲಿ ಮಧ್ಯಾಹ್ನದ ಬ್ಯಾಚಿನವನಿಗೆ ಕೊಡಬೇಕು. ಒಂದು ದಿನ ತಡವಾದರೆ ಇನ್ನೊಬ್ಬನ ಶೀಟಿಗೆ ಸೊನ್ನೆ.

ಆದರೆ ವರ್ಕ್‌ಶಾಪು ನಮ್ಮದಾಗಿತ್ತು. ಎರಡು ಕಬ್ಬಿಣದ ತುಂಡು ಕೊಡುತ್ತಾರೆ. ವೈಸಿಗೆ ಕಚ್ಚಿಸಿ ಅರದಲ್ಲಿ ಉಜ್ಜಿ ಒಂದರೊಳಗೊಂದು ಕೂರಿಸಬೇಕು. ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಹಾಯಬಾರದು. ಪೇಟೆಯ ಹುಡುಗರ ಅಂಗೈ ಬೊಬ್ಬೆ ಬಂದು ಒಡೆದವು. ನಮ್ಮ ಕೈಗೆ ಏನೂ ಆಗಲಿಲ್ಲ. ಆಗುವುದೆಲ್ಲ ಹತ್ತು ವರ್ಷದಲ್ಲೇ ಆಗಿಹೋಗಿತ್ತು. ಕೆಲವರು ತಮ್ಮ ತುಂಡನ್ನು ನಮ್ಮ ಕೈಲಿ ಉಜ್ಜಿಸಿ, ತಾವು ಮಾರ್ಕ್ಸ್ ತಗೊಂಡರು. ಕ್ಯಾಂಟೀನಿನಲ್ಲಿ ಮಾತ್ರ ನಮ್ಮ ಮೇಜಿಗೆ ಬರಲಿಲ್ಲ.

ವರ್ಷದ ಕೊನೆಗೆ ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಕಲ್ಲು ಒಡೆಯುವವನ ಮಗನನ್ನು ಉಕ್ಕಿಗೆ ಹದ ಹಾಕುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಏನು ಪ್ರಶ್ನೆ ನೋಡಿ! ಅವನು ಏಳು ವರ್ಷದವನಿದ್ದಾಗಿಂದ ಬಂಡೆಯ ಪಕ್ಕದ ಕುಲುಮೆಯಲ್ಲಿ ತಿದಿ ಒತ್ತಿದವನು. ಸವೆದ ಉಳಿಯನ್ನು ಕೆಂಪಗೆ ಕಾಯಿಸಬೇಕು, ಬಡಿದು ಮೊನೆ ಮಾಡಬೇಕು, ಮತ್ತೆ ಕಾಯಿಸಿ ತುದಿಯನ್ನಷ್ಟೇ ನೀರಿಗೆ ಅದ್ದಬೇಕು. ಹಿಂದಿನ ಕಾವು ಮೊನೆಯ ಕಡೆ ಇಳಿಯುತ್ತಾ ಬಣ್ಣ ಓಡುತ್ತದೆ. ಒಣಹುಲ್ಲಿನ ಬಣ್ಣ ಬಂದ ಕೂಡಲೇ ಪೂರ್ತಿ ಅದ್ದಬೇಕು. ತಡಮಾಡಿ ನೀಲಿಗೆ ತಿರುಗಿತೋ, ಮೊನೆ ಮೆತ್ತಗಾಗುತ್ತದೆ. ಬೇಗ ಮಾಡಿದರೆ ಕಲ್ಲಿಗೆ ತಾಗಿದೇಟಿಗೇ ಚಟ್ಟನೆ ಮುರಿಯುತ್ತದೆ. ಪುಸ್ತಕದಲ್ಲಿರುವುದೂ ಇಷ್ಟೇ. ಅವನು ಇದನ್ನೆಲ್ಲ ಕನ್ನಡದಲ್ಲಿ ಹೇಳತೊಡಗಿದ. ಪರೀಕ್ಷಕರು ಕೈ ಅಡ್ಡ ಹಿಡಿದು, "ಇದು ಇಂಜಿನಿಯರಿಂಗ್ ಕಾಲೇಜಪ್ಪಾ, ಕಮ್ಮಾರಸಾಲೆ ಅಲ್ಲ" ಅಂದರು.

ಫೇಲು. ಗಣಿತವೂ ಹೋಗಿತ್ತು. ಮುಂದಿನ ವರ್ಷ ಅವನು ಟ್ರಂಕು ಎತ್ತಿಕೊಂಡು ಊರಿಗೆ ಹೊರಟ. ನಾವು ಬಸ್‌ಸ್ಟ್ಯಾಂಡಿನ ತನಕ ಹೋದೆವು, ತಡೆಯಲಿಲ್ಲ. ತಡೆಯಲು ನಮ್ಮ ಹತ್ತಿರ ಮಾತಿರಲಿಲ್ಲ. ಆ ತಪ್ಪು ನಮ್ಮದು ಕೂಡಾ.

ಉಳಿದ ಮೂವರೂ ಸಿವಿಲ್. ಒಂದು ದಿನ ಕರಿಹಲಗೆಯ ಮೇಲೆ ಮ್ಯಾನ್‌ಹೋಲಿನ ಚಿತ್ರ ಬರೆದರು. ಮುಚ್ಚಳ, ಇಟ್ಟಿಗೆಯ ಗೋಡೆ, ಇಳಿಯಲು ಕಬ್ಬಿಣದ ಮೆಟ್ಟಿಲು, ಅಡಿಯಲ್ಲಿ ಹರಿಯುವ ಕಾಲುವೆ. ಎಲ್ಲದಕ್ಕೂ ಅಳತೆಯಿತ್ತು. ಮೋರಿ ಬಳಿಯುವವನ ಮಗ ಎದ್ದು ನಿಂತು, "ಸಾರ್, ಒಳಗಿಳಿಯೋನು ಉಸ್ರಾಡೋದೆಂಗೆ?" ಅಂದ. ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಕೂಡ ನಕ್ಕು ಮುಂದಿನ ಚಿತ್ರಕ್ಕೆ ಹೋದರು.

ಒಳಗಿನ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದುಕೊಂಡವನು ಅಲ್ಲೇ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಅವನಪ್ಪ ಇಳಿಯುವ ಮೊದಲು ಅಕ್ಕಪಕ್ಕದ ಮುಚ್ಚಳಗಳನ್ನೆಲ್ಲ ತೆಗೆದಿಟ್ಟು ಬೀಡಿ ಸೇದುತ್ತಾ ಕಾಯುತ್ತಿದ್ದನಂತೆ. ಅವನಿಗೆ ಗೊತ್ತಿದ್ದ ವಿಜ್ಞಾನ ಅದು. ಸೂಪರ್‌ವೈಸರ್ ಮಾತ್ರ "ಬೇಗ ಇಳಿಯೋ" ಎಂದು ಬಯ್ಯುತ್ತಿದ್ದನಂತೆ.

ಇಂಥ ಇಳಿಸುವಿಕೆಯನ್ನು 2013ರ ಕಾನೂನು ನಿಷೇಧಿಸಿದೆ. ಸತ್ತವನ ಮನೆಗೆ 30 ಲಕ್ಷ ಕೊಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾವು ನಿಂತಿಲ್ಲ. ಇಷ್ಟು ಕಾಲೇಜುಗಳಿರುವ ಊರಿನಲ್ಲಿ ಆ ಪ್ರಶ್ನೆಗೆ ಇನ್ನೂ ಯಾಕೆ ಉತ್ತರವಿಲ್ಲ? ಕೇಳಿದವನು ಯಾರ ಮಗ ಎಂಬುದರಲ್ಲೇ ಉತ್ತರ ಇದೆ.

ಈ ಜಗಳ ನಮ್ಮಿಂದ ಶುರುವಾದದ್ದಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ದೊಡ್ಡ ಕೆಲಸ, ಇಲ್ಲವೆನ್ನುವುದಿಲ್ಲ. ಮರುವರ್ಷ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದಾಗ ಅದೇ ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ವರ್ಷವೇ ದಿವಾನಗಿರಿ ಬಿಟ್ಟರು. 1951ರಲ್ಲಿ ಮದರಾಸಿನ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳ ಹಂಚಿಕೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ 15(4)ನೇ ವಿಧಿ ಸೇರಿಸಬೇಕಾಯಿತು. 1962ರಲ್ಲಿ ನಮ್ಮ ಮೈಸೂರು ಸರ್ಕಾರ ಇಂಥ ಕಾಲೇಜುಗಳಲ್ಲಿ ಶೇಕಡಾ 68 ಸೀಟು ಮೀಸಲಿಟ್ಟಾಗ ಮತ್ತೆ ಕೋರ್ಟು. ಮೀಸಲಾತಿ ಸಾಮಾನ್ಯವಾಗಿ ಶೇಕಡಾ 50 ದಾಟಬಾರದೆಂಬ ಮಾತು ಹುಟ್ಟಿದ್ದು ಆ ಬಾಲಾಜಿ ಮೊಕದ್ದಮೆಯಲ್ಲಿ. ನೋಡಿ, ಈ ದೇಶದಲ್ಲಿ ಸಮಾನತೆಯ ದೊಡ್ಡ ವ್ಯಾಜ್ಯಗಳು ಕಾಲೇಜಿನ ಬೆಂಚಿಗಾಗಿ ನಡೆದಿವೆ.

ಈಗ 1994ರಿಂದ ಸಿಇಟಿ ಇದೆ. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲನ್ನು 15ರಿಂದ 17ಕ್ಕೂ, ಪರಿಶಿಷ್ಟ ಪಂಗಡದ್ದನ್ನು 3ರಿಂದ 7ಕ್ಕೂ ಏರಿಸುವ ಕಾನೂನು ಬಂತು. ಕೇರಿಯ ಹೆಣ್ಣುಮಕ್ಕಳೂ ಇಂಜಿನಿಯರಾಗಿದ್ದಾರೆ. ಇದು ಹೋರಾಟದ ಫಲ, ಯಾರ ಭಿಕ್ಷೆಯೂ ಅಲ್ಲ. ಆದರೆ ಎಲ್ಲರೂ ಕಂಪ್ಯೂಟರ್ ಸೈನ್ಸಿಗೆ ಮುಗಿಬೀಳುತ್ತಾರೆ, ಸಿವಿಲ್ಲು ಮೆಕ್ಯಾನಿಕಲ್ಲಿನ ಸೀಟು ಉಳಿಯುತ್ತವೆ. ಮ್ಯಾನೇಜ್‌ಮೆಂಟ್ ಕೋಟಾವನ್ನು ಯಾರೂ 'ಕೋಟಾ' ಎಂದು ಹಂಗಿಸುವುದಿಲ್ಲ. ಓದು ಮುಗಿಸಿದ ನಮ್ಮ ಮಕ್ಕಳು ಹೋಗಬೇಕಾದ ಕಂಪನಿಗಳಲ್ಲಿ ಮೀಸಲಾತಿಯೇ ಇಲ್ಲ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ಕುಲುಮೆ, ಮಗ್ಗ, ಚರ್ಮ, ಕಲ್ಲು ಇವುಗಳ ನಡುವಿನಿಂದ ಬಂದ ಮಗುವಿಗೆ ಏನೂ ಗೊತ್ತಿಲ್ಲ ಎಂದು ಪಾಠ ಶುರುಮಾಡಬೇಡಿ. ಅದಕ್ಕೆ ಗೊತ್ತಿರುವುದನ್ನು ಮೊದಲು ಕೇಳಿ, ಆಮೇಲೆ ಇಂಗ್ಲಿಷಿನ ಹೆಸರು ಕೊಡಿ. ಕಾಲೇಜಿನ ಹುಡುಗರಿಗೆ ಇನ್ನೊಂದು: ಜೊತೆಯವನು ಟ್ರಂಕು ಕಟ್ಟುವ ಮೊದಲೇ ಅವನ ಹತ್ತಿರ ಕೂತುಕೊಳ್ಳಿ. ನಾವು ಕೂರಲಿಲ್ಲ.

ಹೋದ ವರ್ಷ ಅವನ ಊರಿಗೆ ಹೋಗಿದ್ದೆವು. ಬಂಡೆಗೆ ಈಗ ಯಂತ್ರ ಬಂದಿದೆ. ಕುಲುಮೆ ಆರಿದೆ. ಮಗಳು ಸಿಇಟಿ ಬರೆದಿದ್ದಾಳೆ. "ಯಾವ ಬ್ರಾಂಚ್ ತಗೋತೀಯವ್ವಾ?" ಅಂತ ಕೇಳಿದೆವು. "ಮೆಕ್ಯಾನಿಕಲ್ಲು ದೊಡ್ಡಪ್ಪಾ" ಅಂದಳು. ಅವನು ಏನೂ ಅನ್ನಲಿಲ್ಲ. ಒಳಗೆ ಹೋಗಿ, ನಾವು ನಾಲ್ವರು ಸೇರಿ ಕೊಂಡಿದ್ದ ಎರಡು ಡ್ರಾಫ್ಟರುಗಳಲ್ಲಿ ಒಂದನ್ನು ತಂದು ನಮ್ಮ ಮುಂದಿಟ್ಟ. ಈಗ ಚಿತ್ರವನ್ನೆಲ್ಲ ಕಂಪ್ಯೂಟರಿನಲ್ಲಿ ಬರೀತಾರೆ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ.