ಅನ್ನವಿದ್ಯೆಯ ವಿದ್ಯಾರ್ಥಿನಿ

ಅನ್ನವಿಚಾರವು ಈ ದೇಶಕ್ಕೆ ಹೊಸತಲ್ಲ. ತೈತ್ತಿರೀಯದ ಭೃಗುವು ತಪಸ್ಸುಮಾಡಿ ಮೊಟ್ಟಮೊದಲು ಕಂಡುಕೊಂಡದ್ದು ಅನ್ನವನ್ನೇ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನವಿಧಿಯೆಂಬ ಅಧ್ಯಾಯವೊಂದಿದ್ದು, ಅಲ್ಲಿ ಹೆಸರು, ಉದ್ದು ಮೊದಲಾದ ಕಾಳುಗಳನ್ನು ಶಮೀಧಾನ್ಯವರ್ಗವೆಂದು ಬೇರೆಯಾಗಿ ಎಣಿಸಿ ಒಂದೊಂದರ ಗುಣದೋಷಗಳನ್ನೂ ಹೇಳಿದೆ. ಆದರೆ ಕಾಳನ್ನು ನೆನೆಹಾಕಿ, ಬೇಯಿಸಿ, ಈ ಶಾಸ್ತ್ರವನ್ನು ದಿನದಿನವೂ ಪ್ರಯೋಗಕ್ಕೆ ತರುತ್ತಿದ್ದವರನ್ನು ಶಾಸ್ತ್ರಪಾಠಕ್ಕೆ ಕರೆದವರು ವಿರಳ. ಅಡಿಗೆಯ ಮನೆ ಹೆಂಗಸರದು, ಅನ್ನದ ಶಾಸ್ತ್ರ ಗಂಡಸರದು ಎಂಬ ಈ ವಿಭಾಗವು ಹೊಸ ಕಾಲದ ವಿಜ್ಞಾನಮಂದಿರಗಳಿಗೂ ಹಾಗೆಯೇ ನಡೆದುಬಂದಿತೆಂಬುದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವುಂಟು.

1933ನೆಯ ಇಸವಿಯಲ್ಲಿ ಕಮಲಾ ಭಾಗವತರೆಂಬ ಯುವತಿಯು ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯವಿಷಯವಾಗಿ ಓದಿ ಎಲ್ಲರಿಗಿಂತ ಮೇಲಾಗಿ ತೇರ್ಗಡೆಹೊಂದಿದರು. ಮುಂದೆ ಸ್ನಾತಕೋತ್ತರ ವ್ಯಾಸಂಗಕ್ಕಾಗಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿಯನ್ನು ಕಳುಹಿಸಿದರು. ಅವರ ತಂದೆಯೂ ಚಿಕ್ಕತಂದೆಯೂ ಅಲ್ಲಿಯೇ ರಸಾಯನಶಾಸ್ತ್ರವನ್ನು ಕಲಿತವರು. ಪ್ರವೇಶವು ದೊರೆಯುವುದರಲ್ಲಿ ಮನೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆಗ ಸಂಸ್ಥೆಗೆ ಸರ್ ಚಂದ್ರಶೇಖರ ವೆಂಕಟರಾಮನ್ನರು ನಿರ್ದೇಶಕರು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ದೇಶದ ಕೀರ್ತಿಯನ್ನು ಬೆಳಗಿಸಿದವರು. ಅವರು ಅರ್ಜಿಯನ್ನು ತಿರಸ್ಕರಿಸಿದರು. ಅಂಕಗಳು ಕಡಮೆಯೆಂದಲ್ಲ, ಅರ್ಜಿದಾರಳು ಹೆಣ್ಣೆಂದು.

ಕಮಲಾಬಾಯಿಯವರು ಸುಮ್ಮನಾಗಲಿಲ್ಲ. ಬೆಂಗಳೂರಿಗೆ ತಾವೇ ಬಂದು, ಕಾರಣವನ್ನು ಕೇಳಿ, ಪ್ರವೇಶ ಕೊಡುವವರೆಗೂ ಸತ್ಯಾಗ್ರಹ ಮಾಡುವುದಾಗಿ ನಿಂತರು. ಕೊನೆಗೆ ಅನುಮತಿಯು ದೊರೆಯಿತು, ಆದರೆ ನಿಬಂಧನೆಗಳೊಡನೆ. ಮೊದಲ ಒಂದು ವರ್ಷ ಕ್ರಮಬದ್ಧ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ. ಗುರುಗಳು ಹೇಳಿದರೆ ರಾತ್ರಿಯೂ ದುಡಿಯತಕ್ಕದ್ದು. ಮಿಕ್ಕ ಸಂಶೋಧಕರ ಚಿತ್ತವನ್ನು ಕೆಡಿಸಕೂಡದು. ಚಂಚಲವಾಗತಕ್ಕ ಚಿತ್ತ ಒಬ್ಬರದು, ನಿರ್ಬಂಧ ಮತ್ತೊಬ್ಬರಿಗೆ! ಕಾರಣವೊಂದು ಕಡೆ, ಕಾರ್ಯವೊಂದು ಕಡೆ ಇದ್ದರೆ ಆಲಂಕಾರಿಕರು ಅಸಂಗತಿಯೆನ್ನುತ್ತಾರೆ. ಕಾವ್ಯದಲ್ಲಿ ಅದು ಅಲಂಕಾರವಾಗಬಹುದು, ವಿದ್ಯಾಶಾಲೆಯಲ್ಲಿ ಅಲ್ಲ. ರಾಮನ್ನರ ಹಿರಿಮೆಯನ್ನು ಎಷ್ಟು ಒಪ್ಪಿಕೊಂಡರೂ ಈ ಒಂದು ವರ್ಷದ ಅಗ್ನಿಪರೀಕ್ಷೆಯನ್ನು ಸಮರ್ಥಿಸಲು ಸಾಧ್ಯವಿಲ್ಲ. ಗಂಡುಹುಡುಗರಲ್ಲಿ ಯಾರಿಗೂ ಅದನ್ನು ವಿಧಿಸಿರಲಿಲ್ಲ.

ಆ ವರ್ಷವನ್ನು ಅವರು ಕಳೆದದ್ದು ಶ್ರೀನಿವಾಸಯ್ಯನವರೆಂಬ ಗುರುಗಳ ಕೈಕೆಳಗೆ. ಕಟ್ಟುನಿಟ್ಟಿನವರು, ಆದರೆ ಕಲಿಯುವವರಿಗೆ ಕಲಿಸಲು ಹಿಂಜರಿಯದವರು. ಹಾಲು, ಬೇಳೆ, ಕಾಳು ಇವುಗಳಲ್ಲಿರುವ ಪ್ರೋಟೀನುಗಳೇ ಸಂಶೋಧನೆಯ ವಿಷಯ. ಮಾಂಸವನ್ನು ತಿನ್ನದ, ಅಥವಾ ತಿನ್ನಬೇಕೆಂದರೂ ಕೊಳ್ಳಲಾರದ ಸಂಸಾರಗಳಲ್ಲಿ ಮಕ್ಕಳ ಮೈಬೆಳೆಸುವ ಸತ್ತ್ವವು ಬಹುಮಟ್ಟಿಗೆ ಇವುಗಳಿಂದಲೇ ಬರತಕ್ಕದ್ದು. ವರ್ಷವು ತುಂಬಿದಾಗ ರಾಮನ್ನರಿಗೆ ತೃಪ್ತಿಯಾಯಿತು; ಕಮಲಾಬಾಯಿಯವರು ಕ್ರಮಬದ್ಧ ವಿದ್ಯಾರ್ಥಿನಿಯಾದರು; ಅಲ್ಲಿಂದ ಮುಂದೆ ಇತರ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 1936ರಲ್ಲಿ ಎಂ.ಎಸ್‌ಸಿ. ಪದವಿಯು ಬಂದಿತು.

ಮುಂದಿನದು ಕೇಂಬ್ರಿಜ್. ಅಲ್ಲಿ ಸರ್ ಫ್ರೆಡರಿಕ್ ಹಾಪ್ಕಿನ್ಸರು, ಜೀವಸತ್ತ್ವಗಳ ಶೋಧನೆಗಾಗಿ 1929ರಲ್ಲಿ ನೊಬೆಲ್ ಪಡೆದವರು, ತಮ್ಮ ಪ್ರಯೋಗಶಾಲೆಯಲ್ಲಿ ಸ್ತ್ರೀಯರಿಗೆ ಧಾರಾಳವಾಗಿ ಸ್ಥಳ ಕೊಡುತ್ತಿದ್ದರು. ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೊಕ್ರೋಮ್ ಸಿ ಎಂಬ, ಉಸಿರಾಟಕ್ಕೆ ಸಂಬಂಧಪಟ್ಟ ವಸ್ತುವಿದೆಯೆಂದು ತೋರಿಸಿ, ಕಮಲಾಬಾಯಿಯವರು 1939ರಲ್ಲಿ ಡಾಕ್ಟರೇಟನ್ನು ಪಡೆದರು. ಪ್ರಬಂಧವು 40 ಪುಟಗಳದು ಮಾತ್ರ. ಗ್ರಂಥದ ಗಾತ್ರದಿಂದ ಪಾಂಡಿತ್ಯವನ್ನು ತೂಗುವವರು ಇದನ್ನು ಗಮನಿಸಬೇಕು. ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ, ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಅಧ್ಯಾಪನ ಮಾಡಿ, ಆಮೇಲೆ ನೀಲಗಿರಿಯ ಕೂನೂರಿನಲ್ಲಿದ್ದ ಆಹಾರಸಂಶೋಧನಾಲಯಕ್ಕೆ ಸಹಾಯಕ ನಿರ್ದೇಶಕರಾಗಿ ಬಂದರು. ಆ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣಸಂಸ್ಥೆಯಾಗಿ ಬೆಳೆದಿದೆ.

1947ರಲ್ಲಿ ವಿವಾಹವಾಗಿ ಸೋಹೋನಿ ಎಂಬ ಹೆಸರಿನಿಂದ ಮುಂಬಯಿಯಲ್ಲಿ ನೆಲಸಿ, ಅಲ್ಲಿಯ ವಿಜ್ಞಾನಸಂಸ್ಥೆಯಲ್ಲಿ ತಾವೇ ಗುರುವಾದರು. ನೀರಾ ಎಂಬ ಪಾನೀಯವನ್ನು ಬಡಮಕ್ಕಳ ಪುಷ್ಟಿಗೆ ಬಳಸಬಹುದೆಂದು ಪರೀಕ್ಷಿಸಿ ರಾಷ್ಟ್ರಪತಿಗಳ ಪಾರಿತೋಷಕವನ್ನು ಪಡೆದದ್ದು ಪ್ರಸಿದ್ಧವಾಗಿದೆ. ಕನ್ನಡದ ಗೃಹಿಣಿಯರಿಗೆ ಅದಕ್ಕಿಂತ ಹತ್ತಿರದ ಸಂಗತಿ ಮತ್ತೊಂದುಂಟು. ಅದು ಅವರೆಕಾಳಿನದು. ತಿಂದ ಪ್ರೋಟೀನನ್ನು ಕರುಳಿನಲ್ಲಿ ಒಡೆದು ಜೀರ್ಣಿಸುವ ಟ್ರಿಪ್ಸಿನ್ ಎಂಬ ರಸವೊಂದಿದೆ. ಹಸಿಯ ಅವರೆಯಲ್ಲಿ ಆ ರಸವನ್ನು ತಡೆಯುವ ವಸ್ತುವೊಂದು ಅಡಗಿದೆ. ಕಾಳಿನಲ್ಲಿ ಪುಷ್ಟಿಯೂ ಉಂಟು, ಆ ಪುಷ್ಟಿಯು ಮೈಗೆ ಹತ್ತದಂತೆ ಮಾಡುವ ಅಡ್ಡಿಯೂ ಉಂಟು. ಸೋಹೋನಿಯವರೂ ಅವರ ಶಿಷ್ಯರೊಬ್ಬರೂ ಆ ವಸ್ತುವನ್ನು ಬೇರ್ಪಡಿಸಿ, ಹರಳುರೂಪದಲ್ಲಿ ಪಡೆದು, 1955ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಳೆಕಾಳುಗಳ ಈ ಬಗೆಯ ಅಡ್ಡಿಯನ್ನು ಬಹುಮಟ್ಟಿಗೆ ಕಳೆಯತಕ್ಕದ್ದು ಬೆಂಕಿ. ಮಾರ್ಗಶಿರದ ಚಳಿಯಲ್ಲಿ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತುಕಿ, ಚೆನ್ನಾಗಿ ಬೇಯಿಸಿ ಹುಳಿಮಾಡಿ ಬಡಿಸುವ ಅಜ್ಜಿಯು ಬೆಂದಿದೆಯೇ ಎಂದು ಒಂದು ಕಾಳನ್ನು ಬೆರಳಿನಲ್ಲಿ ಒತ್ತಿ ನೋಡುತ್ತಾಳೆ. ಆಕೆಗೆ ಟ್ರಿಪ್ಸಿನ್ನಿನ ಹೆಸರು ತಿಳಿಯದು. ಅರೆಬೆಂದ ಅವರೆಯಿಂದ ಹೊಟ್ಟೆ ಕೆಡುವುದು ತಿಳಿದಿದೆ. ಆಕೆಯ ಮೊಮ್ಮಗಳು ಈಗ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಆಹಾರವಿಜ್ಞಾನದ ಎಂ.ಎಸ್‌ಸಿ. ತರಗತಿಗೆ ಸೇರಬೇಕೆಂದರೆ ಅರ್ಜಿಯಲ್ಲಿ ಅಂಕಗಳನ್ನು ತುಂಬಿ ಕಳುಹಿಸುತ್ತಾಳೆ.