ಅವ್ವನ ಅರೆತಲೆನೋವು

ಮಲ್ಲಿಪಟ್ಟಣದ ನಮ್ಮ ಮನೆಯಲ್ಲಿ ಅವ್ವ ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡು, ಕಿಟಕಿ ಮುಚ್ಚಿ ಮಲಗುತ್ತಿದ್ದಳು. ನೋವಿಗೆ ಮೊದಲು ಕಣ್ಣೆದುರು ಬೆಳಕಿನ ಗರಗಸ ಓಡುತ್ತದೆ ಎನ್ನುವಳು. "ನಾಟಿ ಬಂತೆಂದರೆ ಇವಳಿಗೆ ತಲೆನೋವು" ಎಂದು ಅಜ್ಜಿ ಮೂದಲಿಸುವಾಗ ನಾನೂ ಒಳಗೊಳಗೇ ಹೌದೆಂದುಕೊಂಡಿದ್ದೆ.

48ನೇ ವಯಸ್ಸಿಗೆ ಅವ್ವನಿಗೆ ಲಕ್ವ ಹೊಡೆಯಿತು. ಬಿ.ಪಿ. ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ಸೋದರಮಾವನಿಗೂ ಹಾಗೆಯೇ ಆಗಿತ್ತು. ಊರವರು ನಾಗದೋಷವೆಂದರು.

ನನಗೂ ತಲೆನೋವು ಬಂದು, ಒಂದು ದಿನ ಕೈ ಮರಗಟ್ಟಿದಾಗ ಬೆಂಗಳೂರಿಗೆ ಹೋದೆ. ಎಂ.ಆರ್.ಐ., ರಕ್ತಪರೀಕ್ಷೆ ಆದ ಮೇಲೆ ಹೆಸರು ತಿಳಿಯಿತು: ಕ್ಯಾಡಸಿಲ್. ಮಿದುಳಿನ ಸಣ್ಣ ರಕ್ತನಾಳಗಳು ಕೆಡುವ ಕಾಯಿಲೆ. ಇದಕ್ಕೆ ಕಾರಣವಾದ ನಾಚ್-3 ಎಂಬ ವಂಶವಾಹಿಯನ್ನು ಫ್ರಾನ್ಸಿನ ವಿಜ್ಞಾನಿಗಳು 1996ರಲ್ಲಿ ಗುರುತಿಸಿದರು. ತಾಯಿಗೋ ತಂದೆಗೋ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ವಾಸಿಮಾಡುವ ಮದ್ದಿಲ್ಲ. ರಕ್ತದೊತ್ತಡ ಏರದಂತೆ ನೋಡಿಕೊಳ್ಳಬೇಕು, ಬೀಡಿ ಸಿಗರೇಟು ಮುಟ್ಟಬಾರದು. ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯಲ್ಲಿ ಮಾವನಿಗೆ ಇದನ್ನು ಹೇಳುವವರು ಯಾರಿದ್ದರು?

ಮಗಳಿಗೆ ಗಂಡು ನೋಡುತ್ತಿದ್ದೇವೆ. "ಈಗಲೇ ಬಾಯಿ ಬಿಡಬೇಡ, ಸಂಬಂಧ ತಪ್ಪುತ್ತದೆ" ಎಂದರು ನಮ್ಮವರು. ಆದರೂ ಅವಳಿಗೆ ಎಲ್ಲ ಹೇಳಿದೆ. ಪರೀಕ್ಷೆ ಮಾಡಿಸುವುದೂ ಬಿಡುವುದೂ ಅವಳ ಇಷ್ಟ.

ಮೊನ್ನೆ ಅವಳು ತಲೆ ಹಿಡಿದು ಕೂತಳು. ಬರೀ ನೆಗಡಿಯೂ ಇರಬಹುದು. "ಏಳೇ, ಕೆಲಸವಿದೆ" ಎನ್ನಲು ನಾಲಿಗೆ ಏಳಲಿಲ್ಲ. ಸುಮ್ಮನೆ ಹೋಗಿ ಕಿಟಕಿ ಮುಚ್ಚಿದೆ.